ಎಡಗೈಗೊಂದು ಪಿಸ್ತೂಲು

ಈಳಿಗೆ ಮಣೆಗೆ ಎಡ-ಬಲ ಎಂಬ ಭೇದ ಅಷ್ಟಾಗಿ ಇಲ್ಲ. ಎದುರಿಗೆ ಕೂತು ಯಾವ ಕೈಯಿಂದ ಬೇಕಾದರೂ ಬದನೆಕಾಯಿ ಹೆಚ್ಚಬಹುದು. ಕತ್ತರಿಗೆ ಆ ಭೇದ ಇದೆ. ಬಲಗೈಯವರಿಗೆಂದು ಮಾಡಿದ ಕತ್ತರಿಯನ್ನು ಎಡಗೈಯಲ್ಲಿ ಹಿಡಿದರೆ ಅದರ ಎರಡು ಅಲಗುಗಳು ಒಂದನ್ನೊಂದು ಒತ್ತುವ ಬದಲು ದೂರ ಸರಿಯುತ್ತವೆ. ಬಟ್ಟೆ ಕತ್ತರಿಸುವುದಿಲ್ಲ, ಮಡಚಿಕೊಂಡು ನಡುವೆ ಸಿಕ್ಕಿಕೊಳ್ಳುತ್ತದೆ. ಹೊಲಿಗೆ ಕ್ಲಾಸಿನಲ್ಲಿ 'ಇವಳಿಗೆ ಕೈಯಲ್ಲಿ ಕಸುಬಿಲ್ಲ' ಎಂದು ಬೈಸಿಕೊಂಡ ಎಡಚಿಯರು ನಿಮ್ಮ ಊರಿನಲ್ಲೂ ಇದ್ದಾರು. ಹತ್ತು ಜನರಲ್ಲಿ ಒಬ್ಬರು ಎಡಚರಂತೆ. ಉಳಿದ ಒಂಬತ್ತು ಜನಕ್ಕೆ ಕತ್ತರಿಯ ಈ ಗುಟ್ಟು ಗೊತ್ತೇ ಇರುವುದಿಲ್ಲ.

ನಾನು ಎಡಚಿ. ಊಟಕ್ಕೆ, ಆರತಿಗೆ, ಪ್ರಸಾದ ತೆಗೆದುಕೊಳ್ಳುವುದಕ್ಕೆ, ದುಡ್ಡು ಕೊಡುವುದಕ್ಕೆ ಬಲಗೈ. ಉಳಿದದ್ದಕ್ಕೆಲ್ಲ ನಿನ್ನ ಇಷ್ಟ ಎಂದು ನಮ್ಮಜ್ಜಿ ಒಂದು ಒಪ್ಪಂದ ಮಾಡಿಕೊಟ್ಟಿದ್ದರು. ನನ್ನ ಮಗಳೂ ಎಡಚಿ. ನನ್ನ ಒಡವೆಗಿಂತ ಮೊದಲು ಅವಳಿಗೆ ಹೋದ ಆಸ್ತಿ ಅದೊಂದೇ. ಮೂವತ್ತು ವರ್ಷ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಪಾಣಿಪತ್, ಪ್ಲಾಸಿ, ಶ್ರೀರಂಗಪಟ್ಟಣ ಎಂದು ಯುದ್ಧಗಳನ್ನು ಪಾಠ ಹೇಳಿದೆ. ಆದರೆ ಆಯುಧಕ್ಕೂ ಒಂದು ಕೈ ಇರುತ್ತದೆ ಎಂಬ ಪಾಠವನ್ನು ನನಗೆ ಹೇಳಿಕೊಟ್ಟದ್ದು ಅಮೆರಿಕದ ಹ್ಯೂಸ್ಟನ್ ನಗರದ ಒಂದು ಬಂದೂಕಿನ ಅಂಗಡಿ.

ಮಗಳು ಅಲ್ಲಿ ನರ್ಸ್. ಮಧ್ಯಾಹ್ನ 3ರಿಂದ ರಾತ್ರಿ 11ರವರೆಗಿನ ಪಾಳಿ. 2022ರ ಕೊನೆಯಲ್ಲಿ ನಾನು ಆರು ತಿಂಗಳಿಗೆಂದು ಹೋದಾಗ, ಸೂಟ್‌ಕೇಸಿನಿಂದ ಚಟ್ನಿಪುಡಿ ಹೊರಗೆ ತೆಗೆಯುವ ಮುಂಚೆಯೇ ಹೇಳಿದಳು, "ಅಮ್ಮಾ, ನಾನೊಂದು ಪಿಸ್ತೂಲು ತಗೋತೀನಿ. ನೀನೂ ಅಂಗಡಿಗೆ ಬಾ." ಕೆಲವು ವಾರಗಳ ಹಿಂದೆ ಒಂದು ರಾತ್ರಿ, ದಾರಿಯ ಸಿಗ್ನಲ್ಲಿನಲ್ಲಿ ಯಾವನೋ ಅವಳ ಕಾರಿನ ಬಾಗಿಲು ಎಳೆದು ನೋಡಿದ್ದನಂತೆ. ಬಾಗಿಲು ಲಾಕ್ ಆಗಿತ್ತು. ಅಷ್ಟೇ ನಡೆದದ್ದು. ಆದರೆ ಅಂದಿನಿಂದ ಅವಳಿಗೆ ಸರಿಯಾಗಿ ನಿದ್ದೆ ಇರಲಿಲ್ಲ.

"ನಾವೇನು ಕೊಡಗಿನವರಾ, ಕೈಲ್ ಮುಹೂರ್ತದ ದಿನ ಕೋವಿಗೆ ಹೂವಿಡೋದಕ್ಕೆ? ಆಯುಧಪೂಜೆಗೆ ಹೊಲಿಗೆ ಮಿಷನ್ನಿಗೆ ಕುಂಕುಮ ಇಟ್ಟು ಬೆಳೆದವರು ಕಣೇ" ಎಂದೆ. ಅವಳು ನಕ್ಕಳು. ನಿರ್ಧಾರ ಬದಲಾಗಲಿಲ್ಲ.

ಟೆಕ್ಸಾಸ್ ರಾಜ್ಯದಲ್ಲಿ 2021ರ ಸೆಪ್ಟೆಂಬರ್ 1ರಿಂದ, 21 ವರ್ಷ ತುಂಬಿದ, ಕಾನೂನಿನ ಅಡ್ಡಿ ಇಲ್ಲದ ಯಾರು ಬೇಕಾದರೂ ಪರವಾನಗಿ ಇಲ್ಲದೆ ಪಿಸ್ತೂಲು ಇಟ್ಟುಕೊಂಡು ಓಡಾಡಬಹುದು. ಗ್ರೀನ್ ಕಾರ್ಡ್ ಇರುವವರು ಕೊಳ್ಳಲೂಬಹುದು. ಅಂಗಡಿಯವರು ಒಂದು ಅರ್ಜಿ ತುಂಬಿಸಿಕೊಂಡು, 1998ರಿಂದ ನಡೆಯುತ್ತಿರುವ ವ್ಯವಸ್ಥೆಯಂತೆ ಪೊಲೀಸ್ ದಾಖಲೆಗಳನ್ನು ತಾಳೆ ನೋಡಿಸುತ್ತಾರೆ. ನಮ್ಮಲ್ಲಿ ಗ್ಯಾಸ್ ಸಂಪರ್ಕಕ್ಕೆ ಓಡಾಡಿದ್ದು ನೆನಪಾಯಿತು. ಅದು ಇದಕ್ಕಿಂತ ಕಷ್ಟವಾಗಿತ್ತು.

ಅಂಗಡಿಯಾತ ಸಭ್ಯ ಮನುಷ್ಯ. 'ಮ್ಯಾಮ್' ಎನ್ನದೆ ಮಾತಾಡುತ್ತಿರಲಿಲ್ಲ. ಮೊದಲು ತೋರಿಸಿದ್ದು ಗುಲಾಬಿ ಬಣ್ಣದ ಹಿಡಿಕೆಯದನ್ನು. ಹೆಂಗಸರಿಗೆ ಮಾರುವುದು ಸ್ಕೂಟರಾಗಲಿ ಪಿಸ್ತೂಲಾಗಲಿ, ಬಣ್ಣ ಅದೇ! ಮಗಳು ಬೇಡವೆಂದಳು. ಆತ ಕಪ್ಪನೆಯ ಇನ್ನೊಂದನ್ನು ತೆಗೆದು, ಖಾಲಿ ಇದೆಯೆಂದು ತೋರಿಸಿ, ಅವಳ ಬಲಗೈಗೆ ಕೊಟ್ಟ. ಅವಳು ಅದನ್ನು ಎಡಗೈಗೆ ದಾಟಿಸಿಕೊಂಡಳು. ಆತ 'ಓಹ್' ಎಂದ. ಇಡೀ ಕಪಾಟನ್ನು ಇನ್ನೊಮ್ಮೆ ಹೊಸದಾಗಿ ನೋಡಿದ.

ಆ 'ಓಹ್'ನ ಅರ್ಥ ತಿಳಿಯಬೇಕಾದರೆ ಪಿಸ್ತೂಲಿನ ಮೈಮೇಲೆ ಏನೇನಿರುತ್ತದೆ ಎಂದು ಹೇಳಬೇಕು. ತೋಟಾಗಳಿರುವ ಉದ್ದನೆಯ ಡಬ್ಬಿ, ಅಂದರೆ ಮ್ಯಾಗಜೀನು, ಹಿಡಿಕೆಯ ಒಳಗೆ ಕೆಳಗಿನಿಂದ ಕೂರುತ್ತದೆ. ಅದನ್ನು ಹೊರಗೆ ಬೀಳಿಸುವ ಗುಂಡಿ ಎಡಮಗ್ಗುಲಲ್ಲಿ, ಬಲಗೈಯ ಹೆಬ್ಬೆರಳಿಗೆ ಸಿಗುವಂತೆ. ಗುಂಡು ಹಾರದಂತೆ ತಡೆಯುವ ಸೇಫ್ಟಿ ಸನ್ನೆಯೂ ಎಡಮಗ್ಗುಲಲ್ಲೇ. ಮೇಲಿನ ಜಾರುವ ಭಾಗವನ್ನು ಹಿಂದಕ್ಕೆ ಹಿಡಿದಿಡುವ ಚಿಲಕವೂ ಅಲ್ಲೇ. ಬಲಗೈಯವರ ಹೆಬ್ಬೆರಳು ಈ ಮೂರರ ಮೇಲೆ ಹಾರ್ಮೋನಿಯಂ ಮನೆಗಳ ಮೇಲೆ ಓಡಾಡಿದಂತೆ ಓಡಾಡುತ್ತದೆ. ಎಡಚರ ಹೆಬ್ಬೆರಳು ಇನ್ನೊಂದು ಮಗ್ಗುಲಲ್ಲಿ ಬರಿಯ ಕಬ್ಬಿಣ ಸವರುತ್ತದೆ. ಸಾಲದ್ದಕ್ಕೆ, ಹಾರಿದ ಗುಂಡಿನ ಬಿಸಿ ಕೋಶ ಬಲಗಡೆಗೆ ಸಿಡಿಯುತ್ತದೆ. ಬಲಗೈಯವರಿಗೆ ಅದು ಮೈಯಿಂದ ಆಚೆಗೆ. ಎಡಗೈಯವರಿಗೆ ಎದೆಯ ಮುಂದೆ ಹಾದು. ಕೆಲವೊಮ್ಮೆ ಕುಪ್ಪಸದ ಕತ್ತಿನೊಳಕ್ಕೇ ಬೀಳುವುದುಂಟು.

ಇದೆಲ್ಲ ಹೀಗೇಕಾಯಿತು ಎಂದು ಹುಡುಕುತ್ತ ಹೋದೆ. ಮಗಳು ಪಾಳಿಗೆ ಹೋದ ಮೇಲೆ, ಮೊಮ್ಮಗ ಮಲಗಿದ ಮೇಲೆ, ನನಗೆ ಬೇರೆ ಕೆಲಸವೇನಿತ್ತು?

ಈ ಚರಿತ್ರೆ ಶುರುವಾಗುವುದು ಎಡಚರಿಗೆ ಅನುಕೂಲವಾಗಿಯೇ, ಅದೂ ಆಕಸ್ಮಿಕವಾಗಿ. 1836ರಲ್ಲಿ ತಿರುಗುವ ಗುಂಡಿನಮನೆಯ ಪಿಸ್ತೂಲಿಗೆ, ಅಂದರೆ ರಿವಾಲ್ವರಿಗೆ, ಅಮೆರಿಕದ ಪೇಟೆಂಟ್ ಪಡೆದವನು ಸ್ಯಾಮ್ಯುಯೆಲ್ ಕೋಲ್ಟ್. ಅವನ ಕಂಪನಿಯ 1873ರ ರಿವಾಲ್ವರು ಕೌಬಾಯ್ ಸಿನಿಮಾಗಳಲ್ಲೆಲ್ಲ ಕಾಣುವಂಥದ್ದು. ಅದರಲ್ಲಿ ತೋಟಾ ತುಂಬುವ ಪುಟ್ಟ ಬಾಗಿಲು ಬಲಮಗ್ಗುಲಲ್ಲಿದೆ. ಎಡಚ ಅದನ್ನು ಎಡಗೈಯಲ್ಲಿ ಹಿಡಿದಂತೆಯೇ ಬಲಗೈಯಿಂದ ತೋಟಾ ತುಂಬಬಹುದು. ಬಲಗೈಯವನು ಮೊದಲು ಕೈ ಬದಲಾಯಿಸಬೇಕು. ಅದಕ್ಕೇ ಕೋಲ್ಟ್ ಎಡಚನಾಗಿದ್ದ ಎಂಬ ಕಥೆ ಹುಟ್ಟಿಕೊಂಡಿತು. ಪಾಪ, ಕೋಲ್ಟ್ 1862ರಲ್ಲೇ ತೀರಿಕೊಂಡಿದ್ದ. ಆ ರಿವಾಲ್ವರನ್ನು ರೂಪಿಸಿದವರು ಕಂಪನಿಯ ಬೇರೆ ಕುಶಲಿಗಳು. ಎಡಚರಿಗೆ ಎಲ್ಲಾದರೂ ಒಂದು ಅನುಕೂಲ ಸಿಕ್ಕಿದರೆ ಅದಕ್ಕೊಬ್ಬ ಎಡಚ ಕಾರಣಕರ್ತ ಇರಲೇಬೇಕೆಂದು ಜನ ನಂಬುತ್ತಾರೆ; ಬಲಗೈಯ ಅನುಕೂಲಗಳಿಗೆ ಮಾತ್ರ ಯಾರೂ ಕಾರಣ ಕೇಳುವುದಿಲ್ಲ. 1889ರಲ್ಲಿ ಕೋಲ್ಟ್ ಕಂಪನಿ, 1896ರಲ್ಲಿ ಸ್ಮಿತ್ ಅಂಡ್ ವೆಸನ್ ಕಂಪನಿ, ಗುಂಡಿನಮನೆ ಪಕ್ಕಕ್ಕೆ ತೆರೆದುಕೊಳ್ಳುವ ರಿವಾಲ್ವರುಗಳನ್ನು ತಂದವು. ಎರಡೂ ತೆರೆದುಕೊಂಡದ್ದು ಎಡಗಡೆಗೆ. ಅಲ್ಲಿಗೆ ಆ ಅನುಕೂಲವೂ ಮುಗಿಯಿತು.

ಇದೇ ಕಾಲದ ಇನ್ನೊಂದು ಪ್ರಸಂಗ ನನಗೆ ಬಹಳ ಇಷ್ಟವಾಯಿತು. ಬಿಲ್ಲಿ ದಿ ಕಿಡ್ ಎಂಬ ಪುಂಡ ಹುಡುಗನೊಬ್ಬನಿದ್ದ. 1881ರಲ್ಲಿ ಷೆರಿಫ್ ಪ್ಯಾಟ್ ಗ್ಯಾರೆಟ್‌ನ ಗುಂಡಿಗೆ ಸತ್ತ. ಅದಕ್ಕೆ ಸ್ವಲ್ಪ ಮುಂಚೆ ಅವನು ತೆಗೆಸಿಕೊಂಡ ಒಂದು ಫೋಟೋದಲ್ಲಿ ಪಿಸ್ತೂಲು ಎಡ ಸೊಂಟದಲ್ಲಿದೆ. ಸರಿ, ಬಿಲ್ಲಿ ಎಡಚ ಎಂದು ಎಲ್ಲರೂ ನಂಬಿದರು. 1958ರಲ್ಲಿ ಪಾಲ್ ನ್ಯೂಮನ್ ನಟಿಸಿದ ಸಿನಿಮಾದ ಹೆಸರೇ 'ದಿ ಲೆಫ್ಟ್ ಹ್ಯಾಂಡೆಡ್ ಗನ್'. ಆದರೆ ಆ ಫೋಟೋ ತಗಡಿನ ಮೇಲೆ ನೇರವಾಗಿ ಮೂಡಿಸುತ್ತಿದ್ದ ಬಗೆಯದು. ಅದರಲ್ಲಿ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಬರುತ್ತದೆ. ಗುಟ್ಟು ಬಯಲು ಮಾಡಿದ್ದು ಅವನ ಇನ್ನೊಂದು ಕೈಯಲ್ಲಿದ್ದ ವಿಂಚೆಸ್ಟರ್ ಬಂದೂಕು. 1873ರ ಆ ಮಾದರಿಗೆ ತೋಟಾ ತುಂಬುವ ಕಿಂಡಿ ಬಲಗಡೆ ಮಾತ್ರ ಇರುವುದು. ಫೋಟೋದಲ್ಲಿ ಅದು ಎಡಗಡೆ ಕಾಣುತ್ತಿದೆ! ಹಾಗೆ ಎಡಚರ ಪಟ್ಟಿಯಿಂದ ಬಿಲ್ಲಿಯ ಹೆಸರು ಹೋಯಿತು. ಹೋಗಲಿ ಬಿಡಿ, ಅಂಥವನು ನಮಗೂ ಬೇಡ.

ಮುಂದಿನ ಕಾಲ ಸೇನೆಗಳದ್ದು. ಜಾನ್ ಬ್ರೌನಿಂಗ್ ರೂಪಿಸಿದ ಪಿಸ್ತೂಲನ್ನು 1911ರಲ್ಲಿ ಅಮೆರಿಕದ ಸೇನೆ ಒಪ್ಪಿಕೊಂಡಿತು. ಸೇಫ್ಟಿ, ಗುಂಡಿ, ಚಿಲಕ ಎಲ್ಲವೂ ಎಡಮಗ್ಗುಲಲ್ಲಿ. ಕೋಶ ಸಿಡಿಯುವ ಕಿಟಕಿ ಬಲಗಡೆ. ಆಮೇಲೆ ಬಂದ ಪಿಸ್ತೂಲುಗಳಲ್ಲಿ ಹೆಚ್ಚಿನವು ಅದನ್ನೇ ಅನುಸರಿಸಿದವು. ಸೇನೆಗೆ ಬೇಕಾದದ್ದು ಒಂದೇ ಅಳತೆಯ ಬೂಟು, ಒಂದೇ ಕೈಯ ಸಿಪಾಯಿ. ಬ್ರಿಟಿಷ್ ಸೇನೆಗೆ 1985ರಲ್ಲಿ ಬಂದ ರೈಫಲ್ಲಿನಲ್ಲಂತೂ ಖಾಲಿ ಕೋಶ ಸಿಡಿಯುವ ಜಾಗ ಕೆನ್ನೆಯ ಪಕ್ಕಕ್ಕೇ ಇದೆ. ಎಡ ಭುಜಕ್ಕೆ ಹಚ್ಚಿ ಹೊಡೆದರೆ ಮುಖಕ್ಕೆ ಬಡಿಯುತ್ತದೆ. ಅದಕ್ಕೆ ಅವರು ಕಂಡುಕೊಂಡ ಪರಿಹಾರವೇನು ಗೊತ್ತೇ? ಎಡಚ ಸಿಪಾಯಿಗಳಿಗೂ ಬಲ ಭುಜದಿಂದಲೇ ಹೊಡೆಯಲು ಕಲಿಸುವುದು. ನಮ್ಮ ಪ್ರೈಮರಿ ಶಾಲೆಯ ಮೇಷ್ಟರಿಗೆ ಈ ಉಪಾಯ ಹೇಳಿಕೊಡಬೇಕಾಗಿರಲಿಲ್ಲ.

ಇಷ್ಟರ ನಡುವೆ ನನ್ನ ಮನಸ್ಸು ಶ್ರೀರಂಗಪಟ್ಟಣಕ್ಕೆ ಹೋಯಿತು. ಟಿಪ್ಪುವಿನ ಕಾರ್ಖಾನೆಗಳಲ್ಲಿ ತಯಾರಾದ ಚಕಮಕಿ ಪಿಸ್ತೂಲುಗಳು 1799ರ ಲೂಟಿಯ ನಂತರ ಇಂಗ್ಲೆಂಡಿಗೆ ಹೋದವು. ಇಂದಿಗೂ ಅಲ್ಲಿನ ಹರಾಜುಗಳಲ್ಲಿ ಕಾಣಿಸಿಕೊಳ್ಳುತ್ತವೆ. ಹುಲಿಯ ಪಟ್ಟೆ, ಹುಲಿಯ ಮುಖ ಅವುಗಳ ಗುರುತು. ಅವುಗಳಲ್ಲಿ ಜೋಡಿ ಪಿಸ್ತೂಲುಗಳಿವೆ: ಒಂದರ ಚಕಮಕಿ ಯಂತ್ರ ಎಲ್ಲ ಪಿಸ್ತೂಲುಗಳಂತೆ ಬಲಮಗ್ಗುಲಲ್ಲಿ, ಇನ್ನೊಂದರದು ಕನ್ನಡಿಯ ಬಿಂಬದಂತೆ ಎಡಮಗ್ಗುಲಲ್ಲಿ. ಎರಡು ಕೈಗೆ ಎರಡು. ಅರ್ಜುನನಿಗೆ ಸವ್ಯಸಾಚಿ ಎಂಬ ಹೆಸರು ಬಂದದ್ದು ಎಡಗೈಯಿಂದಲೂ ಬಾಣ ಬಿಡಬಲ್ಲ ಎಂಬುದಕ್ಕೇ ಅಲ್ಲವೇ? ಆ ಪಿಸ್ತೂಲು ಮಾಡಿದ ಕುಶಲಿಗಳ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿಲ್ಲ. ಆದರೆ ಎಡಗೈಯನ್ನೂ ಒಂದು ಕೈ ಎಂದು ಲೆಕ್ಕಕ್ಕೆ ತೆಗೆದುಕೊಂಡವರು ಅವರು, ಅದೂ ಕಾವೇರಿಯ ದಂಡೆಯಲ್ಲಿ ಎಂದು ತಿಳಿದು ನನಗೆ ಹೆಮ್ಮೆಯಾಯಿತು.

ಬಚ್ಚಿಟ್ಟುಕೊಂಡು ಒಯ್ಯುವ ಆಯುಧದ ವಿಷಯಕ್ಕೆ ಬಂದರೆ ಹಳೆಯ ಕಥೆ ಬೈಬಲ್ಲಿನಲ್ಲಿದೆ. ನ್ಯಾಯಸ್ಥಾಪಕರ ಪುಸ್ತಕದಲ್ಲಿ ಬರುವ ಏಹೂದ ಎಡಚ. ಮೋವಾಬಿನ ದೊರೆಗೆ ಕಪ್ಪ ಒಪ್ಪಿಸಲು ಹೋಗುವಾಗ ಗಿಡ್ಡ ಕತ್ತಿಯನ್ನು ಬಟ್ಟೆಯೊಳಗೆ ಬಲತೊಡೆಗೆ ಕಟ್ಟಿಕೊಂಡಿದ್ದ. ಕತ್ತಿ ಎಡತೊಡೆಯಲ್ಲಿರುವುದೇ ವಾಡಿಕೆ. ಅಲ್ಲಿ ಯಾರು ಹುಡುಕುತ್ತಾರೆ? ಮಗಳಿಗೆ ಈ ಕಥೆ ಹೇಳಿದೆ. "ನೋಡಿದ್ಯಾ, ಎಡಚರಿಗೂ ಲಾಭ ಇದೆ" ಎಂದಳು.

ಬದಲಾವಣೆ ಬಂದದ್ದು ನಿಧಾನವಾಗಿ. 1982ರಲ್ಲಿ ಆಸ್ಟ್ರಿಯಾದ ಸೇನೆ ಒಪ್ಪಿದ ಗ್ಲಾಕ್ ಪಿಸ್ತೂಲಿನಲ್ಲಿ ಹೆಬ್ಬೆರಳಿನ ಸೇಫ್ಟಿಯೇ ಇಲ್ಲ. ತಡೆ ಇರುವುದು ಟ್ರಿಗರಿನಲ್ಲೇ. 1985ರಲ್ಲಿ ಅಮೆರಿಕದ ಸೇನೆ ಬ್ರೌನಿಂಗ್‌ನ ಪಿಸ್ತೂಲನ್ನು ಬಿಟ್ಟು ಇಟಲಿಯ ಬೆರೆಟ್ಟಾ ಆರಿಸಿಕೊಂಡಿತು. ಅದರಲ್ಲಿ ಸೇಫ್ಟಿ ಎರಡು ಮಗ್ಗುಲಲ್ಲೂ ಇದೆ, ಮ್ಯಾಗಜೀನಿನ ಗುಂಡಿಯನ್ನು ಕಿತ್ತು ಇನ್ನೊಂದು ಮಗ್ಗುಲಿಗೆ ಹಾಕಬಹುದು. 2010ರಿಂದ ಗ್ಲಾಕ್‌ನ ಗುಂಡಿಯನ್ನೂ ಹಾಗೆ ಬದಲಿಸಲು ಬಂತು. ಹೆಂಗಸರನ್ನು ಗಿರಾಕಿಗಳೆಂದು ಕಾಣುವುದೂ ಹೀಗೇ ಬಿಟ್ಟುಬಿಟ್ಟು ನಡೆದ ಕೆಲಸ. ಸ್ಮಿತ್ ಅಂಡ್ ವೆಸನ್ 1902ರಲ್ಲಿ 'ಲೇಡಿಸ್ಮಿತ್' ಎಂಬ ಪುಟಾಣಿ ರಿವಾಲ್ವರು ತಂದು, 1921ರಲ್ಲಿ ನಿಲ್ಲಿಸಿ, ಅದೇ ಹೆಸರನ್ನು 1989ರಲ್ಲಿ ಮತ್ತೆ ಎಬ್ಬಿಸಿತು. ನಮ್ಮಲ್ಲೂ 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ಹೆಂಗಸರಿಗೆಂದು 'ನಿರ್ಭೀಕ್' ರಿವಾಲ್ವರು ಮಾಡಿತು. ಅರ್ಧ ಕಿಲೋ ತೂಕ, ಬೆಲೆ 1 ಲಕ್ಷ 22 ಸಾವಿರದ ಮೇಲೆ. ಕೊಡುತ್ತಿದ್ದದ್ದು ಒಡವೆ ಪೆಟ್ಟಿಗೆಯಂಥ ಡಬ್ಬಿಯಲ್ಲಿ! ಲೈಸೆನ್ಸ್ ಸಿಗುವ ಹೊತ್ತಿಗೆ ಯಾವ ಅಪಾಯವೂ ಬೇಸತ್ತು ಹೊರಟುಹೋಗಿರುತ್ತದೆ.

ಮಗಳ ಆಯ್ಕೆ ಮೂರು ವಾರ ನಡೆಯಿತು. ಗುಂಡು ಹೊಡೆಯುವ ಅಭ್ಯಾಸದ ಜಾಗಕ್ಕೆ ಹೋಗಿ, ಬಾಡಿಗೆಗೆ ಒಂದೊಂದನ್ನು ಪಡೆದು ಹೊಡೆದು ನೋಡಿದಳು. ಅಲ್ಲಿ ಕಲಿಸುವಾಕೆ ಮೊದಲು ಪರೀಕ್ಷಿಸಿದ್ದು ಕೈಯನ್ನಲ್ಲ, ಕಣ್ಣನ್ನು. ಎರಡು ಅಂಗೈ ಸೇರಿಸಿ ನಡುವೆ ಸಣ್ಣ ಕಿಂಡಿ ಮಾಡಿ, ಕೈ ಚಾಚಿ, ದೂರದ ಒಂದು ವಸ್ತುವನ್ನು ಅದರಲ್ಲಿ ನೋಡಬೇಕು. ಆಮೇಲೆ ಒಂದೊಂದೇ ಕಣ್ಣು ಮುಚ್ಚಬೇಕು. ಯಾವ ಕಣ್ಣು ತೆರೆದಿದ್ದಾಗ ವಸ್ತು ಕಿಂಡಿಯಲ್ಲೇ ಉಳಿಯುತ್ತದೋ ಅದು ಮುಂದಾಳು ಕಣ್ಣು. ಎಡಚರಿಗೆಲ್ಲ ಅದು ಎಡಗಣ್ಣೇ ಆಗಿರುವುದಿಲ್ಲ. ಹಾಗಿದ್ದವರು ಕೈಯನ್ನೋ ತಲೆಯನ್ನೋ ತುಸು ತಿರುಗಿಸಿಕೊಳ್ಳಬೇಕಾಗುತ್ತದೆ. ಮಗಳಿಗೆ ಎರಡೂ ಎಡವೇ. ನನಗೆ ಕಣ್ಣು ಬಲ, ಕೈ ಎಡ. (ಈಗಲೇ ಮಾಡಿ ನೋಡಿ, ಖರ್ಚಿಲ್ಲ.)

ಐದು ಗುಂಡಿನ ಗಿಡ್ಡ ರಿವಾಲ್ವರಿನಲ್ಲಿ ಕೋಶ ಸಿಡಿಯುವ ಗೋಳಿಲ್ಲ, ಎಡ-ಬಲದ ಗೋಳೂ ಕಡಿಮೆ. ಆದರೆ ಟ್ರಿಗರು ಬಿಗಿ, ಅಂಗೈಗೆ ಒದೆತ ಜೋರು. 2018ರಲ್ಲಿ ಬಂದ ಸಿಗ್ ಕಂಪನಿಯ 'ಪಿ 365' ಮುಷ್ಟಿಯಲ್ಲಿ ಅಡಗುವಷ್ಟು ಚಿಕ್ಕದು, ಆದರೂ ಹತ್ತು ತೋಟಾ ಹಿಡಿಸುತ್ತದೆ. ಗುಂಡಿ ಬದಲಿಸಬಹುದು, ಚಿಲಕ ಮಾತ್ರ ಎಡಕ್ಕೇ. ಕೊನೆಗೆ ಅವಳಿಗೆ ಒಪ್ಪಿಗೆಯಾದದ್ದು ಅದೇ ವರ್ಷ ಸ್ಮಿತ್ ಅಂಡ್ ವೆಸನ್ ತಂದ 'ಶೀಲ್ಡ್ ಈಜೀ'. ಮೇಲಿನ ಭಾಗವನ್ನು ಹಿಂದಕ್ಕೆಳೆಯಲು ಹೆಚ್ಚು ಬಲ ಬೇಡ. ಸೇಫ್ಟಿ ಎರಡು ಮಗ್ಗುಲಲ್ಲೂ ಇರುವುದು ಸಿಗುತ್ತದೆ. ಜೊತೆಗೆ ಹಿಡಿಕೆಯ ಬೆನ್ನಿಗೆ ಒಂದು ಪಟ್ಟಿ. ಮುಷ್ಟಿ ಬಿಗಿಯದೆ ಗುಂಡು ಹಾರುವುದಿಲ್ಲ. ಈ ಬೆನ್ನಿನ ಪಟ್ಟಿ ಆ ಕಂಪನಿಗೆ ಹೊಸದಲ್ಲ. 1887ರ ಅವರ ರಿವಾಲ್ವರೊಂದರಲ್ಲೂ ಇತ್ತು, ಜನ ಅದನ್ನು ನಿಂಬೆಹಣ್ಣು ಹಿಂಡುವ ಯಂತ್ರ ಎಂದು ಕರೆಯುತ್ತಿದ್ದರು. ಬೆನ್ನಿಗೆ ಎಡವಿಲ್ಲ, ಬಲವಿಲ್ಲ. ಇಷ್ಟು ಸುಲಭದ ಮಾತು ಉಳಿದ ಭಾಗಗಳಿಗೆ ಹೊಳೆಯಲು ನೂರು ವರ್ಷ ಬೇಕಾಯಿತು.

ತಮಾಷೆಯೆಂದರೆ, ಮ್ಯಾಗಜೀನಿನ ಗುಂಡಿಯನ್ನು ಅವಳು ಬದಲಿಸಲೇ ಇಲ್ಲ. ಎಡಗೈಯ ತೋರುಬೆರಳಿಗೆ ಅದು ಇದ್ದಲ್ಲೇ ಚೆನ್ನಾಗಿ ಸಿಗುತ್ತಿತ್ತು. ಬಲಗೈಯವರ ಹೆಬ್ಬೆರಳಿಗಿಂತ ಇದೇ ಚುರುಕು ಎಂದು ಎಷ್ಟೋ ಎಡಚರು ಹೇಳುತ್ತಾರಂತೆ. ಆ ಬೆರಳು ಗುಂಡಿಯ ಮೇಲಿರುವಾಗ ಟ್ರಿಗರಿನ ಮೇಲೆ ಇರಲು ಸಾಧ್ಯವಿಲ್ಲ, ಅದೂ ಒಳ್ಳೆಯದೇ.

ಇದನ್ನೆಲ್ಲ ಇಷ್ಟು ಆಸಕ್ತಿಯಿಂದ ಬರೆಯುತ್ತಿರುವವಳು ಒಪ್ಪಿಬಿಟ್ಟಳು ಎಂದುಕೊಳ್ಳಬೇಡಿ. ನಮ್ಮಿಬ್ಬರ ಜಗಳ ಅಡಿಗೆಮನೆಯಲ್ಲಿ ನಡೆದೇ ಇತ್ತು. 2014ರ ಡಿಸೆಂಬರ್ 30ರಂದು ಐಡಾಹೋ ರಾಜ್ಯದ ಹೇಡನ್ ಎಂಬ ಊರಿನ ಅಂಗಡಿಯೊಂದರಲ್ಲಿ, ತಾಯಿಯ ಕೈಚೀಲದ ಜಿಪ್ ಹಾಕಿದ ಖಾನೆಯಲ್ಲಿದ್ದ ಪಿಸ್ತೂಲು ಎರಡು ವರ್ಷದ ಮಗುವಿನ ಕೈಗೆ ಸಿಕ್ಕಿ ತಾಯಿ ಅಲ್ಲೇ ಸತ್ತಳು. ಆಕೆಗೆ 29 ವರ್ಷ. ನನ್ನ ಮೊಮ್ಮಗನಿಗೆ ಆಗ ನಾಲ್ಕು. "ನಾನು ಕೈಚೀಲದಲ್ಲಿ ಇಡೋದೇ ಇಲ್ಲಮ್ಮ, ಮೈಮೇಲೇ ಇಲ್ಲಾ ಪೆಟ್ಟಿಗೇಲಿ" ಎಂದಳು. ಇನ್ನೊಂದು ದಿನ ಅವಳ ಮುಂದಿಟ್ಟದ್ದು 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ. ಕ್ಯಾಲಿಫೋರ್ನಿಯಾದ 2 ಕೋಟಿ 60 ಲಕ್ಷಕ್ಕೂ ಹೆಚ್ಚು ವಯಸ್ಕರನ್ನು ಹನ್ನೆರಡು ವರ್ಷ ಲೆಕ್ಕವಿಟ್ಟು ನೋಡಿದರೆ, ಪಿಸ್ತೂಲು ಇಟ್ಟುಕೊಂಡ ಹೆಂಗಸರು ಗುಂಡು ಹೊಡೆದುಕೊಂಡು ಪ್ರಾಣ ಕಳೆದುಕೊಂಡ ಪ್ರಮಾಣ ಇಟ್ಟುಕೊಳ್ಳದ ಹೆಂಗಸರಿಗಿಂತ ಸುಮಾರು 35 ಪಟ್ಟು. ಗಂಡಸರಲ್ಲಿ ಅದು ಸುಮಾರು 8 ಪಟ್ಟು. ಅದನ್ನವಳು ಓದಿದಳು. ನರ್ಸ್ ಅಲ್ಲವೇ, ಅಂಕಿಗಳನ್ನು ಓದುವ ಅಭ್ಯಾಸವಿದೆ. ಬಹಳ ಹೊತ್ತು ಮಾತಾಡಲಿಲ್ಲ. "ನಿನಗೆ ನನ್ನ ಮೇಲೆ ಭಯವಾ?" ಎಂದು ಕೇಳಿದಳು.

"ನಿನ್ನ ಮೇಲಲ್ಲ. ನಿದ್ದೆ ಇಲ್ಲದ ರಾತ್ರಿಗಳ ಮೇಲೆ" ಎಂದೆ.

ಅವತ್ತು ಇಬ್ಬರೂ ಅಡಿಗೆಯ ಕಟ್ಟೆಯ ಮುಂದೆ ನಿಂತು, ಅವಳು ಆರು ತಿಂಗಳಿಂದ ಹೇಳದಿದ್ದ ಎಷ್ಟೋ ಮಾತು ಹೇಳಿದಳು. ಕೋವಿಡ್ ಕಾಲದ ವಾರ್ಡಿನ ಮಾತುಗಳೂ ಇದ್ದವು. ಅವನ್ನು ಇಲ್ಲಿ ಬರೆಯುವುದಿಲ್ಲ.

ನನ್ನ ಕೊನೆಯ ಪ್ರಶ್ನೆ ಇನ್ನೂ ಸರಳವಾಗಿತ್ತು. ಟೆಕ್ಸಾಸಿನ ಕಾನೂನಿನಂತೆ ಆಸ್ಪತ್ರೆಯ ಕಟ್ಟಡದೊಳಗೆ ಪಿಸ್ತೂಲು ಒಯ್ಯುವಂತಿಲ್ಲ. ಕಾರಿನಲ್ಲೇ ಬೀಗ ಹಾಕಿ ಇಡಬೇಕು. "ಹಾಗಾದರೆ ರಾತ್ರಿ ಹನ್ನೊಂದಕ್ಕೆ ಬಾಗಿಲಿನಿಂದ ಕಾರಿನವರೆಗೆ ನಡೀತೀಯಲ್ಲ, ಆಗ ನಿನ್ನ ಕೈಲಿ ಏನಿರುತ್ತೆ?" ಅವಳು ಉತ್ತರ ಕೊಡಲಿಲ್ಲ. ಮರುವಾರದಿಂದ ಪಾಳಿ ಮುಗಿದ ನಾಲ್ಕು ಜನ ನರ್ಸುಗಳು ಒಟ್ಟಿಗೆ ಹೊರಗೆ ಬಂದು, ಒಬ್ಬೊಬ್ಬರನ್ನೇ ಕಾರು ಹತ್ತಿಸಿ ಹೊರಡುವ ಪದ್ಧತಿ ಮಾಡಿಕೊಂಡರು. ಪಿಸ್ತೂಲನ್ನೂ ಕೊಂಡಳು. ಎರಡೂ ನಡೆದವು.

ಮಲಗುವ ಕೋಣೆಯ ಗೋಡೆಗೆ ಬೋಲ್ಟು ಹಾಕಿ ಒಂದು ಉಕ್ಕಿನ ಪೆಟ್ಟಿಗೆ ಕೂರಿಸಿದರು. ತೆರೆಯಲು ಒತ್ತಬೇಕಾದ ಅಂಕಿಗಳು ಅಳಿಯಂದಿರಿಗೂ ಗೊತ್ತು. ಅವರೇ ಬೇಕೆಂದು ಕೇಳಿದರು, ಅದಕ್ಕೆ ಕಾರಣ ನಾನು ಕೇಳಲಿಲ್ಲ. ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಚೀಲ, ಹೋಲ್‌ಸ್ಟರ್ ಎನ್ನುತ್ತಾರೆ, ಅಂಗಡಿಯ ಗೋಡೆ ತುಂಬ ನೇತಾಡುತ್ತಿದ್ದವು. ಎಲ್ಲವೂ ಬಲಗೈಯವು. ಎಡಗೈಯದನ್ನು ಮಾಡಿಸಿ ತರಿಸಬೇಕು, ಆರು ವಾರವಾದರೂ ಬೇಕು ಎಂದ ಆ ಸಭ್ಯ ಮನುಷ್ಯ. ಅಲ್ಲಿಯವರೆಗೆ ಪಿಸ್ತೂಲು ಪೆಟ್ಟಿಗೆಯಲ್ಲೇ ಇರುತ್ತದೆ ಎಂದು ಮಗಳು ಮಾತು ಕೊಟ್ಟಳು. ಆರು ವಾರ ಎಂಟಾಯಿತು, ಹತ್ತಾಯಿತು. ನಾನು ವಿಮಾನ ಹತ್ತುವ ದಿನದವರೆಗೂ ಅದು ಬಂದಿರಲಿಲ್ಲ. ನನಗೇನೂ ಅವಸರವಿರಲಿಲ್ಲ.